ಮೀಸೆಯವರ ಊಟ

ಮಾರ್ಚ್ 3

ಏನಮ್ಮಾ,

ರೈಲು ಇಳಿದದ್ದು, ಮನೆ ಸೇರಿದ್ದು ಎಲ್ಲ ಸುಸೂತ್ರವಾಯಿತು. ಮಗಳು ಸ್ಟೇಷನ್ನಿಗೆ ಬಂದಿದ್ದಳು. ನಿನ್ನೆ ಫೋನಿನಲ್ಲಿ ನೀನು ಏನೋ ಹೇಳುತ್ತಿದ್ದೆಯಂತೆ, ನನಗೆ ಕೇಳಿಸಿದ್ದು ಬರೀ ಗುಂಯ್ ಅನ್ನುವ ಸದ್ದು. ಪಕ್ಕದಲ್ಲಿ ಕೂತು ಬಲಗಿವಿಯ ಹತ್ತಿರ ಹೇಳಿದರೆ ಇನ್ನೂ ಕೇಳಿಸುತ್ತದೆ. ಫೋನು ಮಾತ್ರ ನನ್ನ ಪಾಲಿಗೆ ಮುಗಿಯಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ನೀನೂ ಬರಿ. ನಿನ್ನ ಗಂಡ ಬರೆಯುವವನಲ್ಲ.

ಹೊರಡುವ ಗಡಿಬಿಡಿಯಲ್ಲಿ ನಮ್ಮ ಕನ್ನಡಕದ ಅಂಗಡಿಯ ಮೀನಿನ ತೊಟ್ಟಿಯ ವಿಷಯ ಪೂರ್ತಿ ಹೇಳಲಾಗಲಿಲ್ಲ. ಮೇಲೆ ಓಡಾಡುವ ಟೆಟ್ರಾ, ಬಾರ್ಬ್, ಗಪ್ಪಿಗಳ ಚಿಂತೆ ಬೇಡ. ಚಿಟಿಕೆ ಕಾಳು ಹಾಕಿದ ಕೂಡಲೇ ಬಸ್ಸಿಗೆ ನುಗ್ಗುವವರ ಹಾಗೆ ಬಂದು ತಿಂದುಬಿಡುತ್ತವೆ. ತಳದಲ್ಲಿರುವ ಐದು ಲೋಚ್ ಮೀನುಗಳು, ನಮ್ಮ ಮೀಸೆಯವರು, ಹಾಗಲ್ಲ. ಬೆಳಕಿದ್ದರೆ ಹೊರಗೆ ಬರುವುದಿಲ್ಲ, ಊಟಕ್ಕೆ ಕಿತ್ತಾಡುವುದೂ ಇಲ್ಲ. ತಳಕ್ಕೆ ಬಿದ್ದದ್ದೇ ಅವುಗಳ ಊಟ, ಮೇಲಿನವು ಬೀಳಲು ಬಿಟ್ಟರೆ ತಾನೇ. ಆದ್ದರಿಂದ ಅಂಗಡಿ ಮುಚ್ಚುವ ಮೊದಲು ತೊಟ್ಟಿಯ ದೀಪ ಆರಿಸು. ಸ್ವಲ್ಪ ಹೊತ್ತು ಬಿಟ್ಟು, ಪಕ್ಕದಲ್ಲಿಟ್ಟಿರುವ ಉದ್ದ ಕೊಳವೆಯನ್ನು ತಳದವರೆಗೆ ಇಳಿಸಿ ಅದರೊಳಗಿಂದ ಮುಳುಗುವ ಗುಳಿಗೆಗಳನ್ನು ಬಿಡು. ಆಗಾಗ ಒಂದು ಸೌತೆಕಾಯಿ ಬಿಲ್ಲೆಯನ್ನು ಚಮಚಕ್ಕೆ ಸಿಕ್ಕಿಸಿ ಮುಳುಗಿಸಿದರೆ ಅವಕ್ಕೆ ಹಬ್ಬ.

ಅವು ಅಂಗಡಿಯ ಕೆಲಸದವರು ಅನ್ನುವುದನ್ನು ಮರೆಯಬೇಡ. ಹೊಸ ಕನ್ನಡಕ ಹಾಕಿಕೊಂಡವರನ್ನು ತೊಟ್ಟಿಯ ಮುಂದೆ ಕೂರಿಸಿ "ಮೀಸೆಯವರು ಎಲ್ಲಿದ್ದಾರೆ ಹುಡುಕಿ ನೋಡೋಣ" ಅನ್ನುತ್ತೇನಲ್ಲ, ತೊಟ್ಟಿಯಲ್ಲಿಟ್ಟ ಮರದ ಬೇರಿನ ಸಂದಿಯಲ್ಲಿರುವ ಆ ಮೀಸೆ ಕಂಡರೆ ಗಾಜು ಸರಿ ಅಂತ ಅರ್ಥ. ಗೋಡೆಯ ಮೇಲಿನ ಅಕ್ಷರಗಳನ್ನು ಜನ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಮೀನು ಎಲ್ಲಿ ಅಡಗಿದೆ ಅಂತ ಬಾಯಿಪಾಠ ಮಾಡಲು ಬರುವುದಿಲ್ಲ.

ಆ ಮೇಷ್ಟರ ಕನ್ನಡಕಕ್ಕೆ ಎಡದ ಗಾಜನ್ನು ಬಲಕ್ಕೆ ಕೂರಿಸಿದ್ದು ನನ್ನದೇ ತಪ್ಪು. ಆದರೂ ಗಿರಾಕಿಯ ಎದುರಿಗೆ ನಿನ್ನ ಗಂಡ "ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ ಅಪ್ಪಾ" ಅನ್ನಬಾರದಾಗಿತ್ತು. ಇರಲಿ. ಅಂಗಡಿಯ ನೆಲ ಹೊಸದಾಗುವವರೆಗೆ ನಾನು ದೂರ ಇರುವುದೇ ಮೇಲು.

ಮೀಸೆಯವರು ಏನಾದರೂ ಸಪ್ಪಗೆ ಕಂಡರೆ ಒಂದು ಸಾಲು ಬರಿ, ಹೊರಟು ಬರುತ್ತೇನೆ. ಇಲ್ಲಿ ನನ್ನಿಂದ ಆಗಬೇಕಾದ ಕೆಲಸ ಏನೂ ಇಲ್ಲ.

ಮಾವ


ಮಾರ್ಚ್ 12

ಮಾವನವರಿಗೆ,

ನಿಮ್ಮ ಕಾಗದ ನಿನ್ನೆ ಕೈಸೇರಿತು. ಅಂಚೆಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ "ನಿಮಗೂ ಯಾರೋ ಕಾಗದ ಬರೀತಾರಲ್ಲ" ಅಂದ. ಕರೆಂಟ್ ಬಿಲ್ ಬಿಟ್ಟು ಅವನು ನಮಗೆ ಬೇರೇನೂ ತಂದುಕೊಟ್ಟ ನೆನಪಿಲ್ಲ.

ಮೀನುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಕೈಬಿಚ್ಚಿ ಹಾಕುತ್ತಿದ್ದೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಒಂದು ಕಾಳೂ ಉಳಿಯುವುದಿಲ್ಲ ಅಂದಮೇಲೆ ಎಲ್ಲರ ಹೊಟ್ಟೆಗೂ ಸೇರಿದೆ ಅಂತ ತಾನೇ? ಆ ಕೊಳವೆ ಹಿಡಿದು ಕತ್ತಲಲ್ಲಿ ನಿಲ್ಲುವುದು ಮಾತ್ರ ನನ್ನ ಕೈಲಾಗದು ಮಾವ. ಅಂಗಡಿ ಮುಚ್ಚುವ ಹೊತ್ತಿಗೇ ಜನ ಬರುತ್ತಾರೆ, ಆಮೇಲೆ ಮನೆಗೆ ಹೋಗಿ ಒಲೆ ಹಚ್ಚಬೇಕು. ನಿಮ್ಮ ಮೀಸೆಯವರಿಗೆ ಅಷ್ಟೊಂದು ರಾಜೋಪಚಾರ ಯಾಕೆ? ಹಸಿವಾದರೆ ತಾವೇ ಮೇಲೆ ಬರುತ್ತವೆ.

ಕಣ್ಣು ಪರೀಕ್ಷೆಯ ಹೊಸ ಯಂತ್ರ ಬಂದಿದೆ. ಇವರು ದಿನಕ್ಕೆ ಹತ್ತು ಸಲ ಅದರ ಧೂಳು ಒರೆಸುತ್ತಾರೆ, ನನ್ನ ಮುಖದ ಕಡೆಗೆ ಅಷ್ಟು ಸಲ ನೋಡಿದ್ದು ನನಗೆ ನೆನಪಿಲ್ಲ. ನೆಲದ ಕೆಲಸದವರು ಮುಂದಿನ ತಿಂಗಳು ಬರುತ್ತಾರಂತೆ. ಗಿರಾಕಿಗಳು "ದೊಡ್ಡವರು ಎಲ್ಲಿ?" ಅಂತ ಕೇಳುತ್ತಾರೆ. ಮಗಳ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾರೆ ಅನ್ನುತ್ತೇನೆ.

ಇವತ್ತು ಬೆಳಿಗ್ಗೆ ಒಂದು ಸಣ್ಣ ವಿಷಯ ಆಯಿತು. ಕಾಗದದಲ್ಲಿ ಬರೆಯುವಂಥದ್ದಲ್ಲ, ನೀವು ಬಂದಾಗ ಹೇಳುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 13

ಏನಮ್ಮಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ, ಬರುವ ಹೊತ್ತಾಗಿಲ್ಲ ಅಂತಲೂ ಗೊತ್ತು. ಒಂದು ಮಾತು ಬಿಟ್ಟುಹೋಗಿತ್ತು, ಅದಕ್ಕೆ ಈ ಕಾಗದ.

ಐದರಲ್ಲಿ ದೊಡ್ಡದು, ದೊಡ್ಡಪ್ಪ, ಒಮ್ಮೊಮ್ಮೆ ಮಗ್ಗುಲಾಗಿ ಬಿದ್ದುಕೊಂಡಿರುತ್ತದೆ. ನೋಡಿದವರು ಸತ್ತೇ ಹೋಯಿತು ಅಂದುಕೊಳ್ಳಬೇಕು, ಹಾಗೆ. ನಿನ್ನ ಅತ್ತೆ ಇದ್ದಾಗ ಒಂದು ಸಲ ಅತ್ತೇಬಿಟ್ಟಿದ್ದಳು. ನಾನು ತೊಟ್ಟಿಯ ಸ್ಟ್ಯಾಂಡಿಗೆ ಬೆರಳಿಂದ ಎರಡು ಸಲ ತಟ್ಟಿದೆ, ಎದ್ದು ಮೈ ಕೊಡವಿಕೊಂಡು ಬೇರಿನ ಕೆಳಗೆ ಹೋಯಿತು. ಅದು ಅವುಗಳ ನಿದ್ದೆ, ಅಷ್ಟೇ. ಹೆದರಬೇಡ, ಕೈ ಹಾಕಬೇಡ.

ದೊಡ್ಡಪ್ಪ ಅಂತ ಹೆಸರಿಟ್ಟದ್ದು ನಿನ್ನ ಗಂಡ. ಶಾಲೆಗೆ ಹೋಗುವಾಗ ಅವನಿಗೆ ಮೊದಲ ಕನ್ನಡಕ ಹಾಕಿ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. "ಅಪ್ಪಾ, ಅದಕ್ಕೆ ಮೀಸೆ ಇದೆ, ದೊಡ್ಡಪ್ಪನ ಹಾಗೆ" ಅಂದ. ನನ್ನ ಅಣ್ಣನ ಮೀಸೆ ಹಾಗೇ ಇತ್ತು. ಅಂದಿನ ಮೀನೇ ಇದು. ಅಷ್ಟು ವರ್ಷ ಬದುಕುತ್ತದೆ ಅಂದರೆ ಯಾರೂ ನಂಬುವುದಿಲ್ಲ.

ಇನ್ನೊಂದು. ಹೊಟ್ಟೆ ತುಂಬಾ ತಿನ್ನುವಾಗ ಅವು ಟಕ್ ಟಕ್ ಅಂತ ಸದ್ದು ಮಾಡುತ್ತವೆ. ಆ ಸದ್ದು ಕೇಳಿದರೆ ಆರೋಗ್ಯವಾಗಿವೆ ಅಂತ ತಿಳಿ. ನನಗೆ ಕೇಳದೆ ವರ್ಷಗಳಾದವು. ನಿನಗೆ ಕೇಳಿಸಿತೇ, ಬರಿ.

ಮಾವ


ಮಾರ್ಚ್ 24

ಮಾವನವರಿಗೆ,

ಎರಡನೆಯ ಕಾಗದವೂ ಬಂತು. ದೊಡ್ಡಪ್ಪ ಮಗ್ಗುಲಾಗಿ ಮಲಗುವ ವಿಷಯ ಓದಿದೆ.

ಎಲ್ಲವೂ ಆರಾಮ. ಕೆಲಸ ಜಾಸ್ತಿ ಇದೆ, ಅದಕ್ಕೆ ಚುಟುಕಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಆ ಸದ್ದನ್ನು ನಾನು ಗಮನಿಸಿಲ್ಲ.

ಮಲಗಿರುವಾಗ ಕಿವಿರು ಆಡುತ್ತಿರುತ್ತದೆಯೇ? ಸುಮ್ಮನೆ ಕೇಳಿದೆ.

ನಿಮ್ಮ ಸೊಸೆ


ಏಪ್ರಿಲ್ 6

ಏನಮ್ಮಾ,

ಕಿವಿರು ಆಡುತ್ತದೆ, ಬಹಳ ನಿಧಾನವಾಗಿ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಬೇಕು. ನೀನು ಕೇಳಿದ್ದು ಒಳ್ಳೆಯದಾಯಿತು, ಅವುಗಳ ಮೇಲೆ ನಿನಗೆ ಅಕ್ಕರೆ ಬರುತ್ತಿದೆ ಅಂತಾಯಿತು.

ನೀನು ಹಸಿವಾದರೆ ಮೇಲೆ ಬರುತ್ತವೆ ಅಂದಿದ್ದೆ. ಬರುವುದಿಲ್ಲಮ್ಮ. ಅವುಗಳ ಬಾಯಿ ಇರುವುದೇ ಕೆಳಮುಖವಾಗಿ. ಮೇಲೆ ಬಂದು ಕೇಳುವ ಅಭ್ಯಾಸ ಅವಕ್ಕಿಲ್ಲ, ತಳದಲ್ಲೇ ಮೀಸೆ ಆಡಿಸಿಕೊಂಡು ಸಣ್ಣಗಾಗುತ್ತಾ ಹೋಗುತ್ತವೆ. ಮೇಲಿಂದ ನೋಡಿದವರಿಗೆ ತೊಟ್ಟಿಯಲ್ಲಿ ಎಲ್ಲವೂ ಗಡದ್ದಾಗಿ ತಿಂದುಕೊಂಡಿರುವ ಹಾಗೇ ಕಾಣುತ್ತದೆ. ಬೆನ್ನು ಚಾಕುವಿನ ಅಂಚಿನ ಹಾಗೆ ಆಗಿದೆಯೇ ಅಂತ ನೋಡುತ್ತಿರು.

ಇಲ್ಲಿ ನನಗೇನೂ ಕೊರತೆ ಇಲ್ಲ. ಮನೆ ತುಂಬಾ ಜನ. ಮಕ್ಕಳಿಗೆ ಶಾಲೆ, ಅಳಿಯನಿಗೆ ಆಫೀಸು, ಅವನ ತಮ್ಮಂದಿರಿಗೆ ಪಾಳಿ ಕೆಲಸ. ಊಟಕ್ಕೆ ಕೂತರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ನನಗೆ ಒಂದೂ ತಿಳಿಯುವುದಿಲ್ಲವಾದ್ದರಿಂದ ಅವರೆಲ್ಲ ಎದ್ದಮೇಲೆ ಇದ್ದದ್ದನ್ನು ನಿಧಾನವಾಗಿ ಉಣ್ಣುತ್ತೇನೆ. ಮೊನ್ನೆ ಮಗಳು ಅಳಿಯನಿಗೆ "ಅಪ್ಪಂಗೆ ಹಸಿವಾದ್ರೆ ಕೇಳ್ತಾರೆ ಬಿಡಿ" ಅಂದಳು. ತುಟಿ ನೋಡಿ ಗೊತ್ತಾಯಿತು. ಒಳ್ಳೆಯ ಹುಡುಗಿ, ಒಬ್ಬಳೇ ಎಷ್ಟು ಕಡೆ ನೋಡಿಯಾಳು.

ಸಂಜೆ ಜಗಲಿಯಲ್ಲಿ ಕೂರುತ್ತೇನೆ. ಬೀದಿಯ ದೀಪ ಹತ್ತಿದಾಗ ಒಂದೊಂದರ ಸುತ್ತಲೂ ಬಣ್ಣದ ಬಳೆ ಕಾಣುತ್ತದೆ. ನೋಡಲು ಚೆನ್ನಾಗಿದೆ.

ನೆಲದ ಕೆಲಸ ಎಲ್ಲಿಗೆ ಬಂತು?

ಮಾವ


ಏಪ್ರಿಲ್ 20

ಮಾವನವರಿಗೆ,

ನೆಲ ಅಗೆದು ಹಾಕಿದ್ದಾರೆ. ಗಿರಾಕಿಗಳು ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಒಳಗೆ ಬರುತ್ತಾರೆ. ಕಣ್ಣು ಸರಿ ಇಲ್ಲದವರನ್ನು ಹಲಗೆಯ ಮೇಲೆ ನಡೆಸುವ ಅಂಗಡಿ ನಮ್ಮದೊಂದೇ ಇರಬೇಕು.

ಅಲ್ಲಿನ ಬಳೆ ದೀಪಗಳ ಬಗ್ಗೆ ಇವರಿಗೆ ಹೇಳಿದೆ, ಅಂಥದ್ದೇ ನಮ್ಮ ಅಂಗಡಿಗೂ ಹಾಕಿಸಿ ಅಂತ. ಯಂತ್ರದ ಪುಸ್ತಕದಿಂದ ತಲೆ ಎತ್ತದೆ "ಹೂಂ" ಅಂದರು. ನಿಮಗಾದರೂ ಅಕ್ಕನ ಮನೆಯಲ್ಲಿ ಸಂಜೆ ಹೊತ್ತು ಆರಾಮವಾಗಿ ಕೂರುವ ಯೋಗ ಬಂತಲ್ಲ. ಯಾರ ಗಲಾಟೆಯೂ ಇಲ್ಲದೆ ನಿಧಾನವಾಗಿ ಉಣ್ಣುವ ಪುಣ್ಯ ನನಗೆ ಎಂದು ಸಿಗುತ್ತದೋ.

ತೊಟ್ಟಿಗೂ ಹೊಸ ರೂಪ ಬಂದಿದೆ. ಇವರು ಹಳೆಯ ಮರಳು ತೆಗೆಸಿ ಬಣ್ಣದ ಗಾಜಿನ ಹರಳು ಹಾಕಿಸಿದ್ದಾರೆ, ಫಳಫಳ ಹೊಳೆಯುತ್ತದೆ. ಮೀಸೆಯವರೂ ಈಗ ನಾಚಿಕೆ ಬಿಟ್ಟಿದ್ದಾರೆ. ಹಗಲಲ್ಲೇ ಎದುರಿಗೆ ಬಂದು ಕೂರುತ್ತಾರೆ, ಯಾರೂ ಹುಡುಕಬೇಕಾಗಿಲ್ಲ. ಕನ್ನಡಕ ಇಲ್ಲದವರಿಗೂ ಕಾಣುತ್ತಾರೆ.

ನಿಮ್ಮ ಅಕ್ಷರ ಯಾಕೆ ಇಷ್ಟು ದೊಡ್ಡದಾಗಿದೆ? ಹೀಗೆ ಬರೆದರೆ ಅಕ್ಕನ ಮನೆಯ ಹಾಳೆಯೆಲ್ಲ ನೀವೇ ಮುಗಿಸುತ್ತೀರಿ.

ನಿಮ್ಮ ಸೊಸೆ


ಮೇ 2

ಏನಮ್ಮಾ,

ಇಲ್ಲಿನ ಪೆನ್ನು ದಪ್ಪ, ಅದಕ್ಕೆ ಅಕ್ಷರ ದಪ್ಪ.

ನಿನ್ನ ಕಾಗದ ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಮೀಸೆಯವರು ಹಗಲಲ್ಲಿ ಎದುರಿಗೆ ಬಂದು ಕೂರುವುದು ನಾಚಿಕೆ ಬಿಟ್ಟದ್ದಕ್ಕಲ್ಲ. ಅಡಗಿಕೊಳ್ಳುವ ಶಕ್ತಿಯೂ ಇಲ್ಲದಿದ್ದಾಗ ಹಾಗೆ ಮಾಡುತ್ತವೆ. ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದೆಯೇ ನೋಡು. ಇದ್ದರೆ ಔಷಧಿ ಹಾಕಬೇಕು, ಆದರೆ ಬಾಟಲಿಯ ಮೇಲೆ ಬರೆದಿರುವುದರ ಅರ್ಧ ಮಾತ್ರ. ಅವಕ್ಕೆ ಹುರುಪೆ ಇದ್ದೂ ಇಲ್ಲದ ಹಾಗೆ, ಪೂರ್ತಿ ಔಷಧಿ ಚರ್ಮವನ್ನು ಸುಟ್ಟುಬಿಡುತ್ತದೆ. ಆ ಗಾಜಿನ ಹರಳು ತೆಗೆಸಿ ಮರಳು ಹಾಕಿಸು. ಅವು ಮೀಸೆಯಿಂದ ನೆಲ ತಡಕಿ ಊಟ ಹುಡುಕುವವು. ಮೀಸೆ ಸವೆದುಹೋದರೆ ಎದುರಿಗಿರುವ ಅನ್ನವೂ ಸಿಗುವುದಿಲ್ಲ.

ನಾನು ಬಂದು ನೋಡಲೇ? ಅಳಿಯ ಟಿಕೆಟ್ ಮಾಡಿಸಿಕೊಡುತ್ತಾನೆ. ಧೂಳಿದ್ದರೆ ಇರಲಿ, ನಾನು ಧೂಳಿನಲ್ಲೇ ಗಾಜು ಉಜ್ಜಿ ಬೆಳೆದವನು. ನಿನ್ನ ಒಂದು ಮಾತು ಬಂದರೆ ಸಾಕು.

ಮಾವ


ಮೇ 14

ಮಾವನವರಿಗೆ,

ನೀವು ಸುಮ್ಮನೆ ಗಾಬರಿಯಾಗಿದ್ದೀರಿ. ಚುಕ್ಕೆಯೂ ಇಲ್ಲ, ಪಕ್ಕೆಯೂ ಇಲ್ಲ, ಐವರೂ ಗುಂಡುಕಲ್ಲಿನ ಹಾಗಿದ್ದಾರೆ. ಈ ಸುಡುಬಿಸಿಲಿನಲ್ಲಿ ಅಷ್ಟು ದೂರದ ಪ್ರಯಾಣ ಮಾಡಿ, ಅಗೆದ ನೆಲದಲ್ಲಿ ಎಡವಿ ಬಿದ್ದರೆ ಅಕ್ಕ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ಎಲ್ಲ ಕೆಲಸ ಮುಗಿಯಲಿ, ಆಮೇಲೆ ಬನ್ನಿ. ಇಲ್ಲಿ ಎಲ್ಲವೂ ನೀವು ಬಿಟ್ಟುಹೋದ ಹಾಗೇ ಇದೆ. ನಿಮ್ಮ ಅಗತ್ಯ ಬೀಳದ ಹಾಗೆ ನಾನು ನೋಡಿಕೊಳ್ಳುತ್ತಿದ್ದೇನೆ.

ನಿಶ್ಚಿಂತೆಯಾಗಿ ವಿಶ್ರಾಂತಿ ತೆಗೆದುಕೊಳ್ಳಿ.

ನಿಮ್ಮ ಸೊಸೆ


ಮೇ 30

ಅಮ್ಮಾ,

ಕಾಗದ ತಲುಪಿತು. ಸಂತೋಷ.

ನನ್ನ ಅಗತ್ಯ ಇಲ್ಲ ಅಂದಮೇಲೆ ಇಲ್ಲೇ ಇದ್ದುಬಿಡುತ್ತೇನೆ ಅಂತ ಮಗಳಿಗೆ ಹೇಳಿದ್ದೇನೆ. ಅಂಗಡಿಗೆ ತೊಟ್ಟಿ ಅಡ್ಡವಾದರೆ ತೆಗೆಸಲಿ. ಯಂತ್ರ ಬಂದಮೇಲೆ ಮೀನು ಯಾಕೆ.

ದೊಡ್ಡಪ್ಪನನ್ನು ಮಾತ್ರ ಯಾರಾದರೂ ತಿಳಿದವರಿಗೆ ಕೊಡು.

ಮಾವ


ಜೂನ್ 9

ಮಾವನವರಿಗೆ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಇವರ ಕೈಯಲ್ಲಿ ಕಳಿಸುತ್ತಿದ್ದೇನೆ. ಇವರು ಇವತ್ತು ಸಂಜೆಯ ರೈಲಿಗೆ ನಿಮ್ಮ ಹತ್ತಿರ ಹೊರಟಿದ್ದಾರೆ. ಅಕ್ಕನಿಗೆ ಫೋನ್ ಮಾಡಿ, ನಿಮ್ಮನ್ನು ನಾಳೆಯೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದ್ದಾರೆ.

ನಿಮ್ಮ ಕೊನೆಯ ಕಾಗದದಲ್ಲಿ ಒಂದು ಪುಟಕ್ಕೆ ಎರಡೇ ಸಾಲು ಇತ್ತು, ಅದೂ ಒಂದರ ಮೇಲೊಂದು ಹತ್ತಿಕೊಂಡು. ತೊಟ್ಟಿ ತೆಗೆಸಲಿ ಅಂದದ್ದು ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಉಳಿದವನ್ನಾದರೂ ನೀವು ಹೇಳಿದ ಹಾಗೆ ಸಾಕೋಣ ಅಂತ ನಿಮ್ಮ ಕಾಗದಗಳನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಹರಡಿಕೊಂಡೆ. ಇವರು ಟೀ ಲೋಟ ಹಿಡಿದು ಪಕ್ಕದಲ್ಲಿ ಬಂದು ನಿಂತರು. ಮೊದಲ ಕಾಗದದಿಂದ ಕೊನೆಯದರವರೆಗೆ ಬರೀ ಅಕ್ಷರ ನೋಡುತ್ತಾ ಬಂದರು. ಆಮೇಲೆ ಬಳೆಯ ಸಾಲಿನ ಮೇಲೆ ಬೆರಳಿಟ್ಟು "ಇದ್ಯಾವಾಗ ಬಂದಿದ್ದು?" ಅಂದರು. ನಾನು "ಅಕ್ಕನ ಬೀದಿ ದೀಪಗಳ ಬಗ್ಗೆ, ನಿಮಗೆ ಹೇಳಿದ್ದೆನಲ್ಲ" ಅಂದೆ. "ದೀಪದ ಸುತ್ತ ಬಳೆ ಇರಲ್ಲ ಕಣೇ. ಕಣ್ಣಲ್ಲಿ ಒತ್ತಡ ಏರಿದ್ರೆ ಹಾಗೆ ಕಾಣುತ್ತೆ. ಅಪ್ಪನೇ ನನಗೆ ಹೇಳಿಕೊಟ್ಟಿದ್ದು" ಅಂದರು. ಲೋಟ ಕೆಳಗಿಟ್ಟು ನಿಮ್ಮ ಕುರ್ಚಿಯಲ್ಲಿ ಕೂತರು. ಮೇಷ್ಟರ ಕನ್ನಡಕದಲ್ಲಿ ಗಾಜು ಅದಲುಬದಲಾದ ದಿನವೇ ಕೂರಿಸಿ ಪರೀಕ್ಷೆ ಮಾಡುವುದು ಬಿಟ್ಟು ಬೈದುಬಿಟ್ಟೆ ಅಂತ ಒಂದೇ ಸಮನೆ ಅನ್ನುತ್ತಿದ್ದರು.

ಕನ್ನಡಕದ ಅಂಗಡಿಯಲ್ಲಿ ಕೂತು ನಾನು ನಿಮ್ಮ ಅಕ್ಷರವನ್ನು ಗೇಲಿ ಮಾಡಿದೆ ಮಾವ.

ಇನ್ನು ಮೀನುಗಳ ವಿಷಯ. ಐದಿಲ್ಲ, ಎರಡೇ ಇವೆ. ದೊಡ್ಡಪ್ಪ ಇಲ್ಲ.

ಮಾರ್ಚ್ ಹನ್ನೆರಡರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಅದು ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಸತ್ತಿದೆ ಅಂದುಕೊಂಡು ಬಲೆಯಿಂದ ತೆಗೆದು, ಪೇಪರಿನಲ್ಲಿ ಸುತ್ತಿ, ಹಿಂದಿನ ಅಂಗಳದ ಹೂವಿನ ಕುಂಡದಲ್ಲಿ ಹೂತೆ. ಸುತ್ತುವಾಗ ಒಮ್ಮೆ ಅಲುಗಿದ ಹಾಗಾಯಿತು. ನನ್ನ ಕೈಯೇ ನಡುಗಿರಬೇಕು ಅಂದುಕೊಂಡೆ. ಅವತ್ತೇ ನಿಮಗೆ ಕಾಗದ ಬರೆದೆ, ಬಂದಾಗ ಹೇಳೋಣ ಅಂತ ಬಿಟ್ಟೆ. ಅದಾದ ಮೇಲೆ ಅದು ನಿದ್ದೆ ಅಂತ ನೀವು ಬರೆದದ್ದು ಬಂತು. ಓಡಿಹೋಗಿ ಕುಂಡ ಅಗೆದೆ. ಎಷ್ಟೋ ದಿನ ಆಗಿತ್ತು, ಅಗೆದು ಏನು ಸಿಗುತ್ತದೆ ಅಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ. ಇವರಿಗೆ ಹೇಳಿದಾಗ "ಅಪ್ಪಂಗೆ ಬರೀಬೇಡ, ತಡಕೊಳ್ಳಲ್ಲ" ಅಂದರು. ನನಗೂ ಅದೇ ಬೇಕಿತ್ತು.

ಉಳಿದವು ಸಣ್ಣಗಾಗಿದ್ದು ಊಟವಿಲ್ಲದೆ. ಎರಡು ಹೊತ್ತು ಕೈಬಿಚ್ಚಿ ಹಾಕಿದ್ದೆಲ್ಲ ಮೇಲೇ ಮುಗಿಯುತ್ತಿತ್ತು. ಏಪ್ರಿಲ್‌ನಲ್ಲಿ ಬಿಳಿ ಚುಕ್ಕೆ ಬಂತು. ಮೀನಿನ ಅಂಗಡಿಯವನು ಕೊಟ್ಟ ನೀಲಿ ಔಷಧಿಯನ್ನು ಬಾಟಲಿ ನೋಡಿ ಪೂರ್ತಿ ಹಾಕಿದೆ. ಅರ್ಧ ಹಾಕು ಅಂದ ನಿಮ್ಮ ಕಾಗದ ಬರುವಷ್ಟರಲ್ಲಿ ಇನ್ನೆರಡು ಹೋಗಿದ್ದವು. ಆ ಕಾಗದಕ್ಕೇ ನಾನು ಐವರೂ ಗುಂಡುಕಲ್ಲಿನ ಹಾಗಿದ್ದಾರೆ ಅಂತ ಬರೆದದ್ದು.

ನಿಮಗೆ ನೋವಾಗಬಾರದು ಅಂತ ಬರೆದೆ ಅಂದುಕೊಂಡಿದ್ದೆ. ಕಾಗದಗಳನ್ನು ಸಾಲಾಗಿ ಓದಿದಾಗ ಗೊತ್ತಾಯಿತು, ನೀವು ಮೊದಲ ಕಾಗದದಿಂದಲೇ ಬರಲೇ ಅಂತ ಕೇಳುತ್ತಿದ್ದಿರಿ. ನಾನು ಬೇಡ ಅನ್ನುತ್ತಲೇ ಬಂದೆ. ಮೀನು ಸಾಯುತ್ತಿದೆ ಬನ್ನಿ ಅಂತ ಒಂದು ಸಾಲು ಬರೆದಿದ್ದರೆ ಮೇ ತಿಂಗಳಲ್ಲೇ ನೀವು ಇಲ್ಲಿರುತ್ತಿದ್ದಿರಿ, ಆ ಯಂತ್ರದ ಮುಂದೆ ಇವರು ನಿಮ್ಮನ್ನು ಕೂರಿಸಿರುತ್ತಿದ್ದರು. ಎಲ್ಲರೂ ಎದ್ದಮೇಲೆ ಉಣ್ಣುತ್ತೇನೆ ಅಂದದ್ದನ್ನು ಓದಿ ನಿಮ್ಮದು ಪುಣ್ಯ ಅಂತ ಬರೆದೆನಲ್ಲ, ಅದನ್ನು ನೆನೆದರೆ ಊಟ ಇಳಿಯುವುದಿಲ್ಲ.

ತೊಟ್ಟಿ ತೆಗೆಸುವುದಿಲ್ಲ. ಬನ್ನಿ ಮಾವ. ನಿಮ್ಮ ಅಗತ್ಯ ಇದೆ.

ನಿಮ್ಮ ಸೊಸೆ


ಜೂನ್ 17

ಅಮ್ಮಾ,

ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ನಿನ್ನ ಕಾಗದವನ್ನೂ ಅವಳೇ ನನ್ನ ಬಲಗಿವಿಗೆ ಓದಿದಳು. ಎಲ್ಲರೂ ಎದ್ದಮೇಲೆ ಉಣ್ಣುತ್ತೇನೆ ಅಂದ ಸಾಲಿಗೆ ಬಂದಾಗ ಓದುವುದು ನಿಲ್ಲಿಸಿ ಒಳಗೆ ಹೋದಳು. ಕಣ್ಣೊರೆಸಿಕೊಂಡು ಬಂದು ಮುಂದುವರಿಸಿದಳು. ಈಗ ನನ್ನ ತಟ್ಟೆ ಎಲ್ಲರಿಗಿಂತ ಮುಂಚೆ ಬರುತ್ತದೆ, ಬೇಡವೆಂದರೂ ಬಿಡುವುದಿಲ್ಲ.

ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ನೀನು ಗುಳಿಗೆ ಬಿಡುವ ಆ ಕೊಳವೆಯೊಳಗಿಂದ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟು ಉಳಿದಿದೆ, ಅದೂ ಮಂಜು. ಅದನ್ನು ಉಳಿಸಲು ಹನಿ ಹಾಕುತ್ತಿದ್ದಾರೆ, ಒಂದು ಚಿಕ್ಕ ಆಪರೇಷನ್ನೂ ಇದೆ. ಹೋದದ್ದು ಬರುವುದಿಲ್ಲ. ಎರಡು ತಿಂಗಳು ಮುಂಚೆ ಬಂದಿದ್ದರೆ ಅಂತ ಡಾಕ್ಟರು ಶುರುಮಾಡಿದರು, ಮಗ ಹೊರಗೆ ಎದ್ದುಹೋದ. ಅವನು ಇಲ್ಲಿ ರಾತ್ರಿ ನನ್ನ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಾನೆ. ಬೈದದ್ದನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ದೊಡ್ಡಪ್ಪನ ಸುದ್ದಿ ಕೇಳಿ ಕೋಪ ಬಂತು. ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಒಂದು ದಿನ ನಿನ್ನ ಹೆಸರು ಎತ್ತಬೇಡಿ ಅಂದಿದ್ದೆ. ಆಮೇಲೆ ಯೋಚಿಸಿದೆ. ಬಳೆಗಳು ಕಂಡ ಮೊದಲ ಸಂಜೆಯೇ ಅದು ಏನು ಅಂತ ನನಗೆ ಗೊತ್ತಿತ್ತಮ್ಮ. ಜೀವನವಿಡೀ ಬೇರೆಯವರಿಗೆ ಹೇಳಿದ್ದೇನೆ, ಹೀಗೆ ಕಂಡರೆ ಅದೇ ದಿನ ಓಡಿ ಅಂತ. ನಾನು ಹೇಳಿಬಿಟ್ಟರೆ ಗಿರಾಕಿಯ ಎದುರಿಗೆ ಅವನಂದದ್ದೇ ನಿಜವಾಗುತ್ತದೆ ಅನ್ನಿಸಿತು. ಮೀನಿನ ನೆಪದಲ್ಲಿ ನೀನು ಕರೆಯುತ್ತೀಯ, ಬಂದಮೇಲೆ ಅವನೇ ಗುರುತಿಸಲಿ ಅಂತ ಕಾದೆ. ಅದನ್ನೂ ನೆಟ್ಟಗೆ ಹೇಳದೆ, ಚೆನ್ನಾಗಿದೆ ಅಂತ ಬರೆದೆ. ನೀನು ಐದು ಅಂದೆ, ನಾನು ಪೆನ್ನು ದಪ್ಪ ಅಂದೆ. ಒಬ್ಬರಿಗೊಬ್ಬರು ಒಳ್ಳೆಯ ಮಾತು ಬರೆದುಕೊಂಡೇ ಇಷ್ಟು ಕಳೆದುಕೊಂಡೆವು.

ಉಳಿದ ಎರಡರ ಸುದ್ದಿ ಬರಿ. ಇದ್ದ ಹಾಗೆ ಬರಿ.

ಮಾವ


ಜುಲೈ 8

ಮಾವನವರಿಗೆ,

ಅಕ್ಕಾ, ಇದನ್ನು ದಯವಿಟ್ಟು ಬಲಗಿವಿಯ ಹತ್ತಿರ ನಿಧಾನವಾಗಿ ಓದಿ.

ನೀವು ಭಾನುವಾರ ಬರುತ್ತೀರಿ ಅಂತ ಇವರು ಹೇಳಿದರು. ಅಷ್ಟರೊಳಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಹರಳು ತೆಗೆದು ಮರಳು ಹಾಕಿದ್ದೇನೆ, ತೊಳೆದು ತೊಳೆದು ಅಂಗೈ ಸಿಪ್ಪೆ ಎದ್ದಿದೆ. ಚಿಕ್ಕದರ ಬೆನ್ನು ಸ್ವಲ್ಪ ತುಂಬಿಕೊಂಡಿದೆ. ಇನ್ನೊಂದು ಇನ್ನೂ ತೆಳ್ಳಗೇ ಇದೆ, ಅದರ ಒಂದು ಕಡೆಯ ಮೀಸೆ ಪೂರ್ತಿ ಸವೆದಿದೆ. ಬೆಳೆಯುತ್ತದೋ ಇಲ್ಲವೋ ನನಗೆ ತಿಳಿಯದು, ಉಳಿಯುತ್ತದೆ ಅಂತಲೂ ಮಾತು ಕೊಡಲಾರೆ. ಕುಂಡದಲ್ಲಿ ಏನನ್ನೂ ನೆಟ್ಟಿಲ್ಲ, ಹಾಗೇ ಇದೆ.

ದಿನಾ ಸಂಜೆ ದೀಪ ಆರಿಸಿ ಕೊಳವೆ ಹಿಡಿದು ನಿಲ್ಲುತ್ತೇನೆ. ಕೈಲಾಗದು ಅಂದ ಕೆಲಸಕ್ಕೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಬೇಡ. ನಿನ್ನೆ ಹಾಗೆ ನಿಂತಿದ್ದಾಗ ಟಕ್ ಅಂತು. ಹೊಸ ಯಂತ್ರವೇ ಇರಬೇಕು ಅಂತ ತಿರುಗಿ ನೋಡಿದೆ, ಅದು ಆಫ್ ಆಗಿತ್ತು. ಮತ್ತೆ ಟಕ್ ಟಕ್ ಅಂತು. ಗಾಜಿಗೆ ಅಂಗೈ ಇಟ್ಟೆ. ಕೈಗೂ ಗೊತ್ತಾದ ಹಾಗಾಯಿತು, ನನ್ನ ಆಸೆಯೂ ಇರಬಹುದು. ನೀವೇ ಕೈ ಇಟ್ಟು ಹೇಳಬೇಕು.

ನಿಮ್ಮ ಕುರ್ಚಿ ಅಲ್ಲೇ ಇದೆ, ಅದರ ಬಲಕ್ಕೆ ನನಗೊಂದು ಸ್ಟೂಲು ಹಾಕಿಕೊಂಡಿದ್ದೇನೆ. ಇನ್ನು ಮೀಸೆಯವರನ್ನು ಹುಡುಕುವ ಕೆಲಸ ನನ್ನದು. ಕಂಡರೆ ಕಂಡಿತು ಅನ್ನುತ್ತೇನೆ, ಕಾಣದಿದ್ದರೆ ಕಾಣಲಿಲ್ಲ ಅನ್ನುತ್ತೇನೆ.

ನಿಮ್ಮ ಸೊಸೆ